ಮಡಿಲಿನ ಮಮತೆ, ಪ್ರಯಾಣದ ಎಚ್ಚರ

ಮಕ್ಕಳ ಮೇಲೆ ಪ್ರೀತಿಯಿಲ್ಲದ ಮನೆಯಿಲ್ಲ. ಆದರೆ ಪ್ರೀತಿ ಇದ್ದಲ್ಲೆಲ್ಲ ಎಚ್ಚರವೂ ಇರುತ್ತದೆಂದು ಹೇಳಲು ಬಾರದು. ಮಂಗಳೂರಿನ ಅಕ್ಕಿ ವ್ಯಾಪಾರಿಯೊಬ್ಬರ ಕುಟುಂಬದ ಅನುಭವ ಈ ಮಾತಿಗೆ ನಿದರ್ಶನವಾಗಿದೆ.

ಆ ಹಿರಿಯರು ನಲವತ್ತು ವರ್ಷ ತಕ್ಕಡಿಯ ಮುಂದೆ ಕುಳಿತವರು. ಮೂಟೆಯನ್ನು ಕಣ್ಣಿನಿಂದ ನೋಡಿಯೇ ಅದರ ತೂಕವನ್ನು ಹೇಳಬಲ್ಲವರೆಂದು ಪೇಟೆಯಲ್ಲಿ ಹೆಸರು. ಮಗನು ತನ್ನ ಪುಟ್ಟ ಮಗಳಿಗಾಗಿ ಕಾರಿನಲ್ಲಿ ಕೂರಿಸುವ ಸುರಕ್ಷಾ ಸೀಟೊಂದನ್ನು ಕೊಂಡು ತಂದಾಗ ಅವರಿಗೆ ಅದು ಅನಗತ್ಯ ವೆಚ್ಚವಾಗಿ ತೋರಿತು. ಅಜ್ಜಿಯ ಮಡಿಲಿರುವಾಗ ಮಗುವನ್ನು ಪ್ಲಾಸ್ಟಿಕ್ ಕುರ್ಚಿಗೆ ಕಟ್ಟಿಹಾಕುವುದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆಯಾಗಿತ್ತು.

2021ರಲ್ಲಿ, ಮಗುವಿಗೆ ಹದಿನಾಲ್ಕು ತಿಂಗಳಾಗಿದ್ದಾಗ, ಹಾಸನದಲ್ಲಿ ಬಂಧುಗಳ ಮದುವೆ ಒದಗಿತು. ಹೊರಡುವ ಹೊತ್ತಿಗೆ ಅಜ್ಜಿಯ ತಂಗಿಯೂ ಬಂದು ಸೇರಿದರು. ಕಾರಿನಲ್ಲಿ ಸ್ಥಳ ಸಾಲದು. “ಸೀಟು ಇರಲಿ ಮಾವ, ನಾನು ಬಸ್ಸಿನಲ್ಲಿ ಬರುತ್ತೇನೆ” ಎಂದು ಸೊಸೆ ಹೇಳಿದಳು. ಹಿರಿಯರು ಕೇಳಲಿಲ್ಲ. ಸೀಟನ್ನು ತಾವೇ ಬಿಚ್ಚಿಸಿ ಅಟ್ಟಕ್ಕೆ ಸೇರಿಸಿದರು. ಮಗ ಕಾರು ನಡೆಸಿದ. ಮುಂದಿನ ಆಸನದಲ್ಲಿ ಅಜ್ಜಿ, ಅಜ್ಜಿಯ ಮಡಿಲಲ್ಲಿ ಮಗು. ಅಜ್ಜಿಗೆ ಬೆಲ್ಟು ಇತ್ತು. ಮಗುವಿಗೆ ಅಜ್ಜಿಯ ತೋಳುಗಳಿದ್ದವು.

ಶಿರಾಡಿ ಘಾಟಿಯನ್ನು ಹತ್ತಿ ಸಕಲೇಶಪುರವನ್ನು ಸಮೀಪಿಸುತ್ತಿದ್ದಾಗ ಹಸುವೊಂದು ರಸ್ತೆಗೆ ಅಡ್ಡ ಬಂದಿತು. ಮಗ ಬ್ರೇಕ್ ಒತ್ತಿದ. ಕಾರು ಯಾವುದಕ್ಕೂ ತಾಗಲಿಲ್ಲ, ಹಸುವಿಗೂ ಏನೂ ಆಗಲಿಲ್ಲ. ಆದರೆ ಮಗು ಅಜ್ಜಿಯ ತೋಳಿನಿಂದ ಜಾರಿ ಡ್ಯಾಶ್‌ಬೋರ್ಡಿಗೆ ಹಣೆ ಬಡಿಯಿತು. ವೈದ್ಯರು ಪರೀಕ್ಷಿಸಿ ಭಯಪಡಬೇಕಾದುದೇನೂ ಇಲ್ಲವೆಂದರು. ಮದುವೆಯ ಮನೆಯಲ್ಲಿ ಮಗು ಊದಿದ ಹಣೆಯೊಡನೆಯೇ ಆಡುತ್ತಿತ್ತು. ಅಜ್ಜಿ ಮಾತ್ರ ಊಟಕ್ಕೆ ಏಳಲಿಲ್ಲ. “ನನ್ನ ಕೈ ಬಿಟ್ಟಿತಲ್ಲ” ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಆಡುತ್ತಿದ್ದರು.

ಆ ರಾತ್ರಿ ಹಿರಿಯರು ಮಗನೊಡನೆ ಕುಳಿತು ಲೆಕ್ಕ ಮಾಡಿದರು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಡಿಕ್ಕಿಯಾಗಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ, 10 ಕಿಲೋ ತೂಕದ ಮಗುವನ್ನು ಹಿಡಿದು ನಿಲ್ಲಿಸಲು ಬೇಕಾಗುವ ಬಲ ಸುಮಾರು 140 ಕಿಲೋ ಭಾರವನ್ನು ಎತ್ತಿ ಹಿಡಿಯುವಷ್ಟು. ಅಂದರೆ 50 ಕಿಲೋದ ಹೆಚ್ಚುಕಡಿಮೆ ಮೂರು ಮೂಟೆ ಅಕ್ಕಿ. ಅಷ್ಟನ್ನು ಯಾವ ಹಮಾಲಿಯೂ ತೋಳಿನಲ್ಲಿ ಹಿಡಿಯಲಾರ. ಅರುವತ್ತು ದಾಟಿದ ಹೆಣ್ಣುಮಗಳಿಂದ ಅದನ್ನು ನಿರೀಕ್ಷಿಸಿದವರು, ಜೀವನವೆಲ್ಲ ತೂಕದಿಂದಲೇ ಬದುಕಿದವರು! ಡಿಕ್ಕಿಯಾಗಿದ್ದರೆ ಏನಾಗುತ್ತಿತ್ತೆಂಬ ಯೋಚನೆ ಅವರಿಗೆ ನಿದ್ದೆ ಕೊಡಲಿಲ್ಲ. “ಬಿಟ್ಟದ್ದು ನಿನ್ನ ಕೈಯಲ್ಲ, ಸೀಟು ಬಿಚ್ಚಿಸಿದ ನನ್ನ ಬುದ್ಧಿ” ಎಂದು ಮರುದಿನ ಬೆಳಿಗ್ಗೆ ಪತ್ನಿಗೆ ಹೇಳಿದರು. ನೋವುಂಟುಮಾಡಲು ದ್ವೇಷವೇ ಬೇಕಾಗಿಲ್ಲ, ಪ್ರಮಾದವೂ ಸಾಕು ಎಂಬ ಮಾತನ್ನು ಅವರು ಎಳವೆಯಿಂದ ಕೇಳಿದವರೇ. ಅದು ತಮ್ಮ ಮನೆಯ ಕಾರಿಗೂ ಅನ್ವಯಿಸುತ್ತದೆಂದು ತಿಳಿದದ್ದು ಅಂದು.

ಊರಿಗೆ ಮರಳಿದ ಮೇಲೆ ಸೀಟು ಅಟ್ಟದಿಂದ ಇಳಿಯಿತು. ಅದರೊಂದಿಗಿದ್ದ ಕೈಪಿಡಿಯನ್ನು ಹಿರಿಯರು ಖಾತೆಪುಸ್ತಕದಂತೆ ಸಾಲುಸಾಲಾಗಿ ಓದಿದರು. ಸೀಟನ್ನು ಮಗುವಿನ ವಯಸ್ಸು ಒಂದನ್ನೇ ನೋಡಿ ಕೊಳ್ಳತಕ್ಕದ್ದಲ್ಲ. ಎತ್ತರ ಮತ್ತು ತೂಕಕ್ಕೆ ಅದು ಹೊಂದಬೇಕು. ಸುರಕ್ಷಾ ಮಾನದಂಡದ ಗುರುತು ಅದರ ಮೇಲಿರಬೇಕು. ಶಿಶುವಿನ ತಲೆ ದೇಹಕ್ಕೆ ಹೋಲಿಸಿದರೆ ಭಾರ, ಕುತ್ತಿಗೆ ಎಳೆಯದು. ಆದುದರಿಂದ ಮಗು ಕಾರಿನ ಹಿಂಬದಿಗೆ ಮುಖಮಾಡಿ ಕೂರಬೇಕು. ಆಗ ಆಘಾತವು ಕುತ್ತಿಗೆಯೊಂದರ ಮೇಲೆ ಬೀಳದೆ ಬೆನ್ನಿನುದ್ದಕ್ಕೂ ಹಂಚಿಹೋಗುತ್ತದೆ. ವಿಶ್ವಸಂಸ್ಥೆಯ ಆರ್129 ಎಂಬ ಮಾನದಂಡವು 15 ತಿಂಗಳು ತುಂಬುವವರೆಗೆ ಇದನ್ನು ಕಡ್ಡಾಯ ಮಾಡಿದೆ. ಸೀಟಿನ ಮಿತಿಯೊಳಗೆ ಸಾಧ್ಯವಿರುವಷ್ಟು ಕಾಲ ಹೀಗೆಯೇ ಕೂರಿಸುವುದು ಲೇಸೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2018ರಲ್ಲಿ ತಿಳಿಸಿತು.

ಸೀಟಿನ ಸ್ಥಾನ ಹಿಂದಿನ ಆಸನದಲ್ಲಿ. ಏರ್‌ಬ್ಯಾಗ್ ಚಾಲನೆಯಲ್ಲಿರುವ ಮುಂದಿನ ಆಸನದಲ್ಲಿ ಹಿಮ್ಮುಖ ಸೀಟನ್ನು ಎಂದೂ ಇಡಬಾರದು. ಸಿಡಿದು ಉಬ್ಬುವ ಆ ಚೀಲದ ಹೊಡೆತ ಶಿಶುವಿಗೆ ಪ್ರಾಣಾಂತಿಕವಾಗಬಲ್ಲದು. ಬಿಗಿದ ಸೀಟನ್ನು ಕೈಯಿಂದ ಅಲುಗಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಭುಜದ ಪಟ್ಟಿಯನ್ನು ಬೆರಳುಗಳಿಂದ ಚಿವುಟಿದರೆ ಮಡಿಕೆ ಸಿಕ್ಕಬಾರದು. ದಪ್ಪ ಸ್ವೆಟರಿನ ಮೇಲೆ ಪಟ್ಟಿ ಬಿಗಿದರೆ ಅದು ಸಡಿಲವೇ ಆಗಿರುತ್ತದೆ. ಚಳಿಯಾದರೆ ಪಟ್ಟಿಯ ಮೇಲಿಂದ ಶಾಲು ಹೊದಿಸಬಹುದು. ಇನ್ನು ಮಗುವನ್ನು ಮಡಿಲಲ್ಲಿರಿಸಿಕೊಂಡು ಇಬ್ಬರಿಗೂ ಒಂದೇ ಬೆಲ್ಟು ಸುತ್ತುವ ರೂಢಿಯಂತೂ ಅಪಾಯಕರ. ಹಿರಿಯರ ದೇಹಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ.

ಸರಿಯಾಗಿ ಬಳಸಿದ ಸೀಟು ಕಾರು ಅಪಘಾತಗಳಲ್ಲಿ ಒಂದು ವರ್ಷದೊಳಗಿನ ಶಿಶುಗಳ ಸಾವಿನ ಸಂಭವವನ್ನು ಶೇ. 71ರಷ್ಟು, ಒಂದರಿಂದ ನಾಲ್ಕು ವರ್ಷದವರಲ್ಲಿ ಶೇ. 54ರಷ್ಟು ತಗ್ಗಿಸುತ್ತದೆಂದು ಅಮೆರಿಕದ ಹೆದ್ದಾರಿ ಸುರಕ್ಷಾ ಇಲಾಖೆಯ ಅಂದಾಜು. ಭಾರತದಲ್ಲಿಯೂ 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ, 14 ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಸುರಕ್ಷಾ ಸೀಟಿಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡವಿದೆ. ಆದರೆ ದಂಡಕ್ಕೆ ಅಂಜಿ ಮಾಡುವ ಕೆಲಸ ಪೊಲೀಸರಿಲ್ಲದ ರಸ್ತೆಯಲ್ಲಿ ನಿಂತುಹೋಗುತ್ತದೆ.

ಮೊದಮೊದಲು ಮಗು ಅತ್ತಿತು. ಅಜ್ಜಿಯ ಕೈಗಳು ತಾವಾಗಿಯೇ ಮುಂದಕ್ಕೆ ಚಾಚುತ್ತಿದ್ದವು. ಆಗ ಮನೆಯಲ್ಲಿ ಒಂದು ನಿಯಮವಾಯಿತು: ಮಗುವನ್ನು ಎತ್ತಿಕೊಳ್ಳಬೇಕಾದರೆ ಕಾರು ನಿಲ್ಲಬೇಕು. ನೆರಳು ಕಂಡಲ್ಲಿ ನಿಲ್ಲಿಸಿ, ಮಗುವನ್ನು ಸಂತೈಸಿ, ಮತ್ತೆ ಪಟ್ಟಿ ಬಿಗಿದು ಹೊರಡುತ್ತಿದ್ದರು. ಹಾಸನದ ದಾರಿ ಒಂದು ಗಂಟೆ ದೀರ್ಘವಾಯಿತು. ಯಾವ ಮುಹೂರ್ತವೂ ಅದರಿಂದ ತಪ್ಪಲಿಲ್ಲ.

2023ರಲ್ಲಿ, ಹೆದ್ದಾರಿಯ ತಿರುವೊಂದರಲ್ಲಿ ನಿಂತಿದ್ದ ಅವರ ಕಾರಿಗೆ ಹಿಂದಿನಿಂದ ಬಂದ ವಾಹನ ಬಲವಾಗಿ ಗುದ್ದಿತು. ಕಾರಿನ ಹಿಂಭಾಗ ನಜ್ಜುಗುಜ್ಜಾಯಿತು. ಸೀಟಿನಲ್ಲಿದ್ದ ಮಗುವಿಗೆ ಒಂದು ಗೀರೂ ಆಗಲಿಲ್ಲ. ಮನೆಗೆ ಹೊಸ ಸೀಟು ಬಂದಿತು. ಆಗ ತಂಗಿಯ ಮಗ, ಹೊಸದಾಗಿ ತಂದೆಯಾದವನು, ಕೇಳಿದ: “ಮಾವ, ಹಳೆಯದು ಚೆನ್ನಾಗಿಯೇ ಇದೆಯಲ್ಲ, ನಮಗೆ ಕೊಡಿ.”

ಒಂದು ಗೋಣಿಯನ್ನೂ ವ್ಯರ್ಥವಾಗಿ ಎಸೆಯದ ಹಿರಿಯರಿಗೆ ಅದು ಕಷ್ಟದ ಕ್ಷಣ. ನೋಟಕ್ಕೆ ಸೀಟಿನಲ್ಲಿ ದೋಷವಿರಲಿಲ್ಲ. ಆದರೆ ಬಲವಾದ ಅಪಘಾತವನ್ನು ಕಂಡ ಸೀಟಿನ ಒಳಗೆ ಕಣ್ಣಿಗೆ ಬೀಳದ ಬಿರುಕಿರಬಹುದು. ಅದನ್ನು ಮತ್ತೆ ಬಳಸಬಾರದು. ದೋಷವನ್ನು ಮರೆಮಾಚಿ ಮಾರುವುದು ಮೋಸವಾದರೆ, ತಿಳಿದೂ ಉಡುಗೊರೆಯಾಗಿ ಕೊಡುವುದು ಹೇಗೆ ಒಳಿತಾದೀತು? ನಾಮಕರಣಕ್ಕೆಂದು ತೆಗೆದಿರಿಸಿದ್ದ ಬೆಳ್ಳಿಯ ಬಟ್ಟಲಿನ ಹಣಕ್ಕೆ ಇನ್ನಷ್ಟು ಸೇರಿಸಿ, ಆ ಶಿಶುವಿಗೆ ಹೊಸ ಸೀಟನ್ನೇ ಕೊಡಿಸಿದರು.

ಹಳೆಯ ಸೀಟನ್ನು ಗುಜರಿಗೆ ಹಾಕುವ ಮುನ್ನ ಅಂಗಡಿಯಿಂದ ದೊಡ್ಡ ಕತ್ತರಿಯನ್ನು ತರಿಸಿದರು. ಜಗಲಿಯಲ್ಲಿ ಕುಳಿತು ಅದರ ಪಟ್ಟಿಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿದರು. ಏಕೆಂದು ಮೊಮ್ಮಗಳು ಕೇಳಿದಳು.

“ಬೇರೆ ಯಾರ ಮಗುವೂ ಇದರಲ್ಲಿ ಕೂರಬಾರದು, ಅದಕ್ಕೆ” ಎಂದರು ಅಜ್ಜ.