ಕೀಲಿಗೊಂಚಲಿನ ಸಂತ

ಮುಂಬಯಿಯ ನಮ್ಮ ಚಾಳಿನಲ್ಲಿ ಮಂಗಳೂರು ಕಡೆಯ ಕಥೋಲಿಕ ಕುಟುಂಬವೊಂದು ನಮಗೆ ನೆರೆಯಾಗಿದೆ. ಆ ಮನೆಯ ತಾಯಿಯನ್ನು ಚಾಳಿಗೆ ಚಾಳೇ ಬಾಯಮ್ಮನೆಂದು ಕರೆಯುವುದು ವಾಡಿಕೆ. ಎರಡನೆಯ ಪಾಳಿಯ ಕೆಲಸಕ್ಕೆ ಹೋಗುವ ಮಗನು ಮೋಟಾರು ಸೈಕಲ್ಲನ್ನು ಕೊಂಡ ದಿನವೇ ಅವರು ಅದರ ಕೀಲಿಗೊಂಚಲಿಗೆ ಬೆಳ್ಳಿಯ ಬಿಲ್ಲೆಯೊಂದನ್ನು ಸಿಕ್ಕಿಸಿದರು. ಬಿಲ್ಲೆಯ ಮೇಲೆ, ದೊಣ್ಣೆಯೂರಿ ಹೊಳೆ ದಾಟುತ್ತಿರುವ ಭೀಮಕಾಯನೊಬ್ಬನ ಚಿತ್ರ. ಹೆಗಲ ಮೇಲೊಂದು ಕೂಸು.

ಆತನೇ ಸಂತ ಕ್ರಿಸ್ತೋಫರ್. ದಾರಿಗರನ್ನು ಹೊತ್ತು ಹೊಳೆ ದಾಟಿಸುವುದೇ ಆತನ ಕಾಯಕ. ಒಮ್ಮೆ ಹೊತ್ತ ಮಗುವು ಹೆಜ್ಜೆಹೆಜ್ಜೆಗೂ ಭಾರವಾಗುತ್ತ ಹೋಯಿತಂತೆ. ದಡ ಸೇರಿದ ಮೇಲೆ ಅದು ಯೇಸುವೇ ಎಂದು ತಿಳಿಯಿತಂತೆ. ಕ್ರಿಸ್ತನನ್ನು ಹೊತ್ತವನೆಂಬುದೇ ಆ ಗ್ರೀಕ್ ಹೆಸರಿನ ಅರ್ಥ.

ಇಷ್ಟಕ್ಕೇ ಸುಮ್ಮನಿರಬಹುದಾಗಿತ್ತು. ಆದರೆ ಪುಸ್ತಕ ತಿರುವುವವರಿಗೆ ನಾಲಗೆಯ ತುರಿಕೆ ಒಂದಿರುತ್ತದಲ್ಲ! “1969ರಲ್ಲಿ ರೋಮಿನವರು ಪಂಚಾಂಗವನ್ನು ಪರಿಷ್ಕರಿಸಿದಾಗ ಈ ಸಂತನ ಜುಲೈ 25ರ ಹಬ್ಬವನ್ನು ತೆಗೆದುಹಾಕಿದರು, ಬಾಯಮ್ಮ” ಎಂದುಬಿಟ್ಟೆವು.

ಅವರ ಮುಖ ಬಾಡಿತು. “ಹಾಗಾದರೆ ನನ್ನ ಹುಡುಗನ ಜೊತೆಗೆ ಯಾರು ಹೋಗುತ್ತಾರೆ, ಮಾಸ್ತರರೇ?”

ಮರುದಿನ ಬಿಲ್ಲೆಯು ಪೆಟ್ಟಿಗೆ ಸೇರಿತು. ನಾವು ಕಳವಳಗೊಂಡು, ಬದಲಿಗೆ ಬೇರೊಬ್ಬರು ದೊರೆಯುವರೇ ಎಂದು ಹುಡುಕತೊಡಗಿದೆವು. ದೊರೆಯದೆ ಏನು! ದೇವದೂತನು ರಾತ್ರಿಯಲ್ಲಿ ದೀಪವಾಗಿ ದಾರಿ ತೋರಿದನೆಂದು ಕಥೆಯುಳ್ಳ ರೋಮಿನ ಸಂತ ಫ್ರಾನ್ಸಿಸ್ಕಳನ್ನು 1925ರಲ್ಲಿ ಮೋಟಾರು ಚಾಲಕರಿಗೆ ಪಾಲಕಿಯನ್ನಾಗಿ ಘೋಷಿಸಿದ್ದರು. ಇಟಲಿಯ ಕಸ್ತೆಲ್ಲಾತ್ಸೊ ಬೊರ್ಮಿದ ಎಂಬ ಊರಿನ ಮೇರಿಮಾತೆಯು 1947ರಲ್ಲಿ 12ನೆಯ ಪಿಯುಸ್ ಪೋಪರಿಂದ ಮೋಟಾರು ಸೈಕಲ್ ಸವಾರರಿಗೇ ರಕ್ಷಕಿಯಾದಳು. ಪ್ರತಿ ಜುಲೈಯಲ್ಲಿ ಸವಾರರು ತಂಡತಂಡವಾಗಿ ಅಲ್ಲಿಗೆ ಹೋಗಿ ಆಶೀರ್ವಾದ ಪಡೆಯುವರು. ಇಟಲಿಯವರು ಈ ಸವಾರರನ್ನು ಅರ್ಧ ನರ, ಅರ್ಧ ಕುದುರೆಯಾದ ಪುರಾಣಜೀವಿಯ ಹೆಸರಿನಿಂದ ಕರೆಯುತ್ತಾರೆ. ನಮ್ಮ ಕಿನ್ನರರ ದಾಯಾದಿಗಳೆನ್ನೋಣ. ಬರಿಯ ಸೈಕಲ್ಲಿನವರನ್ನೂ ಮರೆತಿಲ್ಲ. 1949ರಿಂದ ಅವರಿಗೆ ಗಿಸಾಲ್ಲೊ ಬೆಟ್ಟದ ಮಾತೆ ಇದ್ದಾಳೆ; ಕೊಪ್ಪಿ, ಬಾರ್ತಾಲಿಯಂಥ ಪಂದ್ಯವೀರರ ಸೈಕಲ್ಲುಗಳು ಆ ಪುಟ್ಟ ಗುಡಿಯ ಗೋಡೆಯಲ್ಲಿ ತೂಗುತ್ತಿವೆ.

ಈ ಹುಡುಕಾಟದಲ್ಲಿಯೇ ನಮ್ಮ ತಪ್ಪು ನಮಗೆ ಕಂಡಿತು. ತೆಗೆದದ್ದು ಸಾರ್ವತ್ರಿಕ ಪಂಚಾಂಗದಿಂದ ಮಾತ್ರ. ಆಯಾ ಊರಿನವರು ಹಬ್ಬವನ್ನು ಆಚರಿಸಲು ಅಡ್ಡಿಯಿರಲಿಲ್ಲ. ಕ್ರಿಸ್ತೋಫರನು ಸಂತನಾಗಿಯೇ ಉಳಿದಿದ್ದನು. ಇದು ತಿಳಿದ ಮೇಲೂ, ಹೇಳಲು ನಾಚಿ ಎರಡು ದಿನ ಕಳೆದೆವು.

ಮೂರನೆಯ ರಾತ್ರಿ ಜಡಿಮಳೆ. ಹನ್ನೊಂದೂವರೆಗೆ ಬರಬೇಕಾದ ಹುಡುಗನು ಒಂದಾದರೂ ಬರಲಿಲ್ಲ, ಮೊಬೈಲೂ ಓಗೊಡಲಿಲ್ಲ. ಬಾಯಮ್ಮ ಪಡಸಾಲೆಯ ಕಟಕಟೆ ಹಿಡಿದು ನಿಂತಿದ್ದರು. ಆಗ ನಾವು ಬಳಿಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆವು. ಅವರು ನಮ್ಮನ್ನು ಬೈಯಲಿಲ್ಲ. ಒಳಗೆ ಹೋಗಿ ಪೆಟ್ಟಿಗೆ ತೆರೆದ ಸದ್ದು ಕೇಳಿಸಿತು. ಮರಳಿ ಬಂದಾಗ ಮುಷ್ಟಿ ಬಿಗಿದಿತ್ತು.

ಎರಡು ಗಂಟೆಗೆ ಹುಡುಗನು ಗಾಡಿಯನ್ನು ತಳ್ಳಿಕೊಂಡು ಬಂದನು. ರಸ್ತೆಯಲ್ಲಿ ತೊಡೆಮಟ್ಟದ ನೀರು. ಎಂಜಿನ್ನಿಗೂ ನೀರು ನುಗ್ಗಿ ನಿಂತುಹೋಗಿತ್ತಂತೆ. ಬಾಯಮ್ಮ ಮಾತಿಲ್ಲದೆ ಕೀಲಿಯನ್ನು ಕಸಿದುಕೊಂಡು ಬಿಲ್ಲೆಯನ್ನು ಸಿಕ್ಕಿಸಿದರು. ಬಳಿಕ ಅವನ ಹೆಲ್ಮೆಟ್ಟಿನ ಪಟ್ಟಿ ಹರಿದಿರುವುದನ್ನು ಕಂಡು, ನಾಳೆಯೇ ಹೊಸದು ತರದಿದ್ದರೆ ಗಾಡಿ ಮುಟ್ಟಗೊಡೆನೆಂದು ಚಾಳೆಲ್ಲ ಎಚ್ಚರಗೊಳ್ಳುವಂತೆ ಗದರಿಸಿದರು.