ಅಪ್ಪನ ಮಾತು: ದಿನಚರಿಯ ಕೆಲವು ಪುಟಗಳು

ಜೂನ್ 16, 2024, ಭಾನುವಾರ

ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ನೆಂಟರು, ತಾಳಮದ್ದಳೆ ಸಂಘದವರು ಬರುತ್ತಲೇ ಇದ್ದಾರೆ. ಮಂಚದ ಪಕ್ಕ ನಿಂತು ಎಲ್ಲರೂ ನನ್ನನ್ನು ಕೇಳುವುದು ಒಂದೇ: “ಅವರಿಗೆ ಗುರ್ತ ಸಿಗ್ತದಾ? ಹೇಳಿದ್ದು ಗೊತ್ತಾಗ್ತದಾ?” ಅಪ್ಪ ಕೇಳಿಸಿಕೊಳ್ಳುತ್ತಾರೆ, ನನ್ನ ಮುಖ ನೋಡುತ್ತಾರೆ.

ತಾಳಮದ್ದಳೆಯಲ್ಲಿ ಸಂಧಾನದ ಕೃಷ್ಣನಾಗಿ ಅರ್ಥ ಹೇಳಲು ಕೂತರೆ ಎದುರಿನ ಕೌರವನನ್ನು ಕಟ್ಟಿಹಾಕುತ್ತಿದ್ದ ಬಾಯಲ್ಲಿ ಈಗ ‘ಅದು... ಅದು...’ ಅಷ್ಟೇ. ಬಲಗೈಗೂ ಬಲವಿಲ್ಲ. ಮೆದುಳಿನ ಎಡಭಾಗದಲ್ಲಿ, ಹಣೆಯ ಬದಿಗೆ, ರಕ್ತನಾಳ ಕಟ್ಟಿಕೊಂಡಿತ್ತು. ಮಾತಿನ ಈ ತೊಂದರೆಯ ಹೆಸರು ಅಫೇಸಿಯಾ.

ಆ ಜಾಗದ ಚಿತ್ರವನ್ನು ಕಾಲೇಜಿನ ಬೋರ್ಡಿನ ಮೇಲೆ ನಾನೇ ಬಿಡಿಸಿದ್ದೇನೆ. 1861ರಲ್ಲಿ ಪ್ಯಾರಿಸಿನ ಹತ್ತಿರದ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿಯನ್ನು ವೈದ್ಯ ಪಾಲ್ ಬ್ರೋಕಾ ಪರೀಕ್ಷಿಸಿದ. ಏನು ಕೇಳಿದರೂ ‘ತಾನ್ ತಾನ್’ ಎಂಬ ಉತ್ತರ. ಆದರೆ ಇಲ್ಲಿ ಎಷ್ಟು ವರ್ಷದಿಂದ ಇದ್ದೀಯ ಎಂದಾಗ ಆತ ಅಂಗೈಯನ್ನು ನಾಲ್ಕು ಸಲ ಬಿಡಿಸಿ, ಕೊನೆಗೊಂದು ಬೆರಳು ತೋರಿಸಿದ. ಇಪ್ಪತ್ತೊಂದು, ಲೆಕ್ಕ ಸರಿಯಾಗಿತ್ತು. ಕೆಲವೇ ದಿನಗಳಲ್ಲಿ ಆತ ತೀರಿಕೊಂಡ. ಆಮೇಲೆ ಅವನ ಮೆದುಳಿನ ಎಡ ಮುಂಭಾಗದಲ್ಲಿ ಹಾನಿಯಾಗಿರುವುದನ್ನು ಬ್ರೋಕಾ ಕಂಡುಕೊಂಡ. ಪಾಠದಲ್ಲಿ ಆ ಜಾಗದ ಹೆಸರಿದೆ, ಆ ಬೆರಳುಗಳಿಲ್ಲ. ಈ ವರ್ಷದಿಂದ ಅದನ್ನೂ ಹೇಳುತ್ತೇನೆ.

ಬರುವವರಿಗೂ ಹೇಳಬೇಕು, ಕೇಳುವುದಿದ್ದರೆ ಅಪ್ಪನನ್ನೇ ಕೇಳಿ ಎಂದು.

ಜೂನ್ 23, ಭಾನುವಾರ

ಸ್ಪೀಚ್ ಥೆರಪಿಸ್ಟ್ ಹುಡುಗಿ ಬಂದಿದ್ದಳು. “ಮಾತಾಡಲಿಕ್ಕೆ ಮಾತ್ರ ಕಷ್ಟವೋ, ತಿಳಿದುಕೊಳ್ಳಲಿಕ್ಕೂ ಕಷ್ಟವೋ ನೋಡುವ ಅಕ್ಕಾ” ಎಂದು ಚಿತ್ರಗಳನ್ನು ಹರಡಿದಳು.

“ಹುಡುಗ ಹಣ್ಣನ್ನು ತಿಂದ” ಎಂದಳು; ಅಪ್ಪ ಸರಿಯಾದ ಚಿತ್ರ ಮುಟ್ಟಿದರು. “ಹಣ್ಣನ್ನು ಹುಡುಗ ತಿಂದ” ಎಂದಾಗಲೂ ಸರಿ. “ಆನೆ ಹುಲಿಯನ್ನು ಕೊಂದಿತು” ಎಂಬುದೂ ಸರಿಹೋಯಿತು. “ಆನೆಯನ್ನು ಹುಲಿ ಕೊಂದಿತು” ಎಂದಾಗ ಮಾತ್ರ ಅವರು ಮತ್ತೆ ಸತ್ತ ಹುಲಿಯನ್ನೇ ತೋರಿಸಿದರು.

ಹಣ್ಣು ಹುಡುಗನನ್ನು ತಿನ್ನುವುದಿಲ್ಲ. ಅಲ್ಲಿ ಲೋಕಜ್ಞಾನವೇ ವಾಕ್ಯವನ್ನು ಬಿಡಿಸಿಕೊಡುತ್ತದೆ. ಆನೆ, ಹುಲಿ ಎರಡೂ ಕೊಲ್ಲಬಲ್ಲವು. ಅಲ್ಲಿ ಗತಿ ‘ಅನ್ನು’ ಪ್ರತ್ಯಯವೊಂದೇ. ಅದರ ಹಿಡಿತ ತಪ್ಪಿದಾಗ ಕೊಂದದ್ದು ಮೊದಲು ಕೇಳಿದ ಪ್ರಾಣಿಯೇ ಎಂದು ಮೆದುಳು ಅಂದುಕೊಳ್ಳುತ್ತದೆ. ಬ್ರೋಕಾ ಬಗೆಯ ಅಫೇಸಿಯಾದಲ್ಲಿ ಕೇಳುವಾಗಲೂ ವ್ಯಾಕರಣ ಹೀಗೆ ಸಡಿಲವಾಗುವುದನ್ನು 1976ರಲ್ಲಿ ಕ್ಯಾರಮಾಜ಼ಾ ಮತ್ತು ಜ಼ುರಿಫ್ ತೋರಿಸಿದ್ದರು.

ಅಪ್ಪನಿಗೆ ಎಲ್ಲವೂ ತಿಳಿಯುತ್ತದೆ ಎಂದರೆ ನಿಜವಾಗದು, ಏನೂ ತಿಳಿಯದು ಎಂದರೆ ದೊಡ್ಡ ಅನ್ಯಾಯ. ಚಿಕ್ಕ ವಾಕ್ಯ, ನೇರ ಕ್ರಮ, ಒಂದು ಸಲಕ್ಕೆ ಒಂದು ವಿಷಯ. ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ.

ಜುಲೈ 4, ಗುರುವಾರ

ಕನ್ನಡಕ ತೋರಿಸಿ “ಇದೇನಪ್ಪಾ?” ಎಂದೆ. ಎಡಗೈಯಲ್ಲಿ ಕಣ್ಣಿಗೇರಿಸುವ ಅಭಿನಯ ಮಾಡಿದರು. ವಸ್ತು ಗೊತ್ತು, ಬಳಕೆ ಗೊತ್ತು, ಹೆಸರು ಬಾರದು. ನಾನು “ಕನ್ನ...” ಎಂದು ನಿಲ್ಲಿಸಿದೆ. “ಡಕ!” ಎಂದರು. ಹೆಸರು ಅಳಿದಿಲ್ಲ, ಅಲ್ಲಿಗೆ ಹೋಗುವ ದಾರಿ ಕೆಟ್ಟಿದೆ.

ಚಿತ್ರ ನೋಡಿ ಹೆಸರು ಹೇಳಲು ನಮಗೆಲ್ಲ ಸುಮಾರು 600 ಮಿಲಿಸೆಕೆಂಡು ಸಾಕು. ಅಷ್ಟರಲ್ಲಿ ವಸ್ತುವನ್ನು ಗುರುತಿಸಿ, ಪದವನ್ನು ಆರಿಸಿ, ಅದರ ಧ್ವನಿಗಳನ್ನು ಜೋಡಿಸಿ, ನಾಲಿಗೆ ತುಟಿಗಳಿಗೆ ಅಪ್ಪಣೆ ಹೋಗಿರಬೇಕು. ಅಪ್ಪನಿಗೆ ಇದರ ಒಂದೊಂದು ಮೆಟ್ಟಿಲೂ ಈಗ ಬೇರೆ ಬೇರೆ ಕೆಲಸ.

ಕೇಳುವವರ ಮೆದುಳೂ ಸುಮ್ಮನೆ ಕೂತಿರುವುದಿಲ್ಲ. ಹೊಂದದ ಪದವೊಂದು ವಾಕ್ಯದಲ್ಲಿ ಬಂದರೆ ಸುಮಾರು 400 ಮಿಲಿಸೆಕೆಂಡಿನ ಹೊತ್ತಿಗೆ ಮೆದುಳಿನ ವಿದ್ಯುತ್ತರಂಗದಲ್ಲಿ ವಿಶಿಷ್ಟವಾದ ಏರಿಳಿತ ಕಾಣುತ್ತದೆ. ಕುಟಾಸ್ ಮತ್ತು ಹಿಲ್ಯಾರ್ಡ್ 1980ರಲ್ಲಿ ಇದನ್ನು ದಾಖಲಿಸಿದರು. ಅಪ್ಪನ ತಲೆಗೆ ಕಟ್ಟಲು ನನ್ನಲ್ಲಿ ಯಂತ್ರವಿಲ್ಲ. ಊಟಕ್ಕೆ ಬಡಿಸುವಾಗ “ಅಪ್ಪಾ, ಅನ್ನಕ್ಕೆ ಚಪ್ಪಲಿ ಹಾಕ್ಲಾ?” ಎಂದೆ. ತಲೆಯೆತ್ತಿ ನೋಡಿ ಜೋರಾಗಿ ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ನಗು. ಅಮ್ಮನೂ ಅಡುಗೆಮನೆಯಿಂದ ಓಡಿಬಂದಳು.

ಜುಲೈ 21, ಭಾನುವಾರ

ಭಾಗವತರು ಬಂದಿದ್ದರು. ಅವರು ಮಾತ್ರ ನನ್ನನ್ನು ಏನೂ ಕೇಳಲಿಲ್ಲ. ಅಪ್ಪನ ಎದುರು ಕೂತು, ತಾಳ ಹಿಡಿದು, ಸಂಧಾನದ ಒಂದು ಪದ ಎತ್ತಿಕೊಂಡರು. ಎರಡನೆಯ ಸಾಲಿಗೆ ಅಪ್ಪನೂ ಸೇರಿದರು, ಒಂದಕ್ಷರವೂ ತಪ್ಪದೆ. ಪದ ಮುಗಿಯಿತು. ಅರ್ಥ ಹೇಳುವ ಸರದಿ ಅಪ್ಪನದು. ಬಾಯಿ ತೆರೆದರು, “ಅದು...” ಎಂದು ನಿಂತರು. ಕಣ್ಣಲ್ಲಿ ನೀರು.

ಹೊಸದೇನಲ್ಲ ಇದು. ಮಾತು ಹೋದವನೊಬ್ಬ ಪ್ರಾರ್ಥನಾಗೀತೆ ಹಾಡುತ್ತಿದ್ದುದನ್ನು 1745ರಲ್ಲೇ ಸ್ವೀಡನ್ನಿನ ದಾಲಿನ್ ಬರೆದಿಟ್ಟಿದ್ದಾನೆ. ಬಾಯಿಪಾಠವಾದ ಹಾಡು, ಮಗ್ಗಿ, ವಾರದ ಹೆಸರುಗಳು ಒಂದೇ ಸರವಾಗಿ ಹೊರಬರುತ್ತವೆ. ಅರ್ಥಗಾರಿಕೆ ಹಾಗಲ್ಲ, ಎದುರಾಳಿಯ ಮಾತು ಕೇಳಿ ಆ ಕ್ಷಣಕ್ಕೆ ಹೊಸ ವಾಕ್ಯ ಕಟ್ಟಬೇಕು. ಅಪ್ಪ ಕಳೆದುಕೊಂಡದ್ದು ಅದನ್ನೇ.

ಥೆರಪಿಸ್ಟಿಗೆ ಫೋನ್ ಮಾಡಿದೆ. “ಹಾಡು ಬಂತೆಂದು ಮಾತು ತಾನಾಗಿ ಬರುವುದಿಲ್ಲ ಅಕ್ಕಾ. ಆದರೆ ಆ ದಾರಿಯಲ್ಲಿ ಪ್ರಯತ್ನಿಸಬಹುದು” ಎಂದಳು. 1970ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಪದ್ಧತಿಯಂತೆ: ಎಡಗೈಯಲ್ಲಿ ತಟ್ಟುತ್ತ, ದಿನಬಳಕೆಯ ಚಿಕ್ಕ ಮಾತನ್ನು ರಾಗವಾಗಿ ಹೇಳಿಸುವುದು, ಆಮೇಲೆ ರಾಗವನ್ನು ಮೆಲ್ಲನೆ ಕಳಚುವುದು. ಇದರಲ್ಲಿ ರಾಗದ ಪಾಲೆಷ್ಟು, ಲಯದ ಪಾಲೆಷ್ಟು ಎಂಬ ಚರ್ಚೆ ಇನ್ನೂ ನಡೆದಿದೆ. ಅಪ್ಪನಿಗೆ ಎರಡೂ ರಕ್ತದಲ್ಲಿವೆ.

ಆಗಸ್ಟ್ 11, ಭಾನುವಾರ

ಲೆಬೋರ್ನ್‌ನ ಮೆದುಳು ಪ್ಯಾರಿಸಿನಲ್ಲಿ ಇಂದಿಗೂ ಇದೆ. ಡ್ರಾಂಕರ್ಸ್ ಮತ್ತು ಸಂಗಡಿಗರು ಅದನ್ನು ಎಂಆರ್‌ಐ ಯಂತ್ರದಲ್ಲಿಟ್ಟು ನೋಡಿ 2007ರಲ್ಲಿ ವರದಿ ಮಾಡಿದರು: ಹಾನಿ ಬ್ರೋಕಾ ಹೊರಗಿನಿಂದ ಕಂಡದ್ದಕ್ಕಿಂತ ಬಹಳ ಆಳಕ್ಕೆ, ದೂರದ ಭಾಗಗಳನ್ನು ಜೋಡಿಸುವ ನರತಂತುಗಳವರೆಗೂ ಹೋಗಿತ್ತು. ಮಾತು ಒಂದೇ ಗೂಡಿನಲ್ಲಿಲ್ಲ. ಹಲವು ಭಾಗಗಳು ಕೂಡಿ ನಡೆಸುವ ಕೆಲಸವಾದ್ದರಿಂದಲೇ, ಅಭ್ಯಾಸ ಮಾಡಿಸಿದರೆ ಉಳಿದ ಭಾಗಗಳು ಒಂದಿಷ್ಟು ಹೊರೆ ಹೊರಬಲ್ಲವು. ಆ ಭರವಸೆಯ ಮೇಲೆಯೇ ಬೆಳಿಗ್ಗೆ ಸಂಜೆ ತೊಡೆ ತಟ್ಟಿ ಅಭ್ಯಾಸ ನಡೆಸಿದ್ದೇವೆ. ‘ನೀರು ಬೇಕು’, ‘ಮಳೆ ಬಂತು’ ಈಗ ರಾಗವಿಲ್ಲದೆ ಬರುತ್ತವೆ.

ಇವತ್ತು ಚಿಕ್ಕಪ್ಪ ಬಂದವರು ಅಭ್ಯಾಸಬಲದಿಂದ ನನ್ನತ್ತ ತಿರುಗಿ, “ಅಣ್ಣನಿಗೆ ಕಾಫಿ ಕೊಡಬಹುದಾ?” ಎಂದರು. ಅವರನ್ನೇ ಕೇಳಿ ಎಂದೆ. ಚಿಕ್ಕಪ್ಪ ಕೇಳಿದರು, ಕಾದರು. ಅಮ್ಮ ಏನೋ ಹೇಳಹೊರಟವಳು ತಡೆದುಕೊಂಡಳು. ಎಷ್ಟೋ ಹೊತ್ತಿನ ಮೇಲೆ ಅಪ್ಪ ಹೇಳಿದರು: “ಕಾಫಿ... ಬಿಸಿ... ಸಕ್ಕರೆ ಬೇಡ.”

ಸಂಘದ ಮುಂದಿನ ಕೂಟಕ್ಕೆ ಕರೆ ಬಂದಿದೆ. ಹೋಗುವುದೋ ಬೇಡವೋ, ಅಪ್ಪನೇ ಹೇಳಲಿ.