ಪರದೇಶದ ಹಾದಿಯಲ್ಲಿ ಒಂಟಿ ಹೆಣ್ಣುಮಗಳು

ನಮ್ಮ ಬಬಲೇಶ್ವರದಂಥ ಊರುಗಳಿಂದ ಒಂಟಿಯಾಗಿ ಪರದೇಶಕ್ಕೆ ಹೊರಡುವ ಹೆಣ್ಣುಮಕ್ಕಳು ಯಾರೆಂದು ಕೇಳಿದರೆ, ಉನ್ನತ ವ್ಯಾಸಂಗಕ್ಕೆ ಹೋಗುವ ತರುಣಿಯರನ್ನೇ ಎಲ್ಲರೂ ನೆನೆಯುವುದುಂಟು. ಆದರೆ ಯಾರ ಲೆಕ್ಕಕ್ಕೂ ಬಾರದ ಮತ್ತೊಂದು ಗುಂಪಿದೆ. ಅದು ಅರುವತ್ತರ ಆಸುಪಾಸಿನ ತಾಯಂದಿರದು. ಅಮೆರಿಕೆಯಲ್ಲಿಯೋ ಇಂಗ್ಲೆಂಡಿನಲ್ಲಿಯೋ ನೆಲೆಸಿರುವ ಮಗಳ, ಇಲ್ಲವೆ ಸೊಸೆಯ ಬಾಣಂತನಕ್ಕೆಂದು ಇಳಕಲ್ಲ ಸೀರೆಯುಟ್ಟು, ಹಣೆಗೆ ವಿಭೂತಿ ಧರಿಸಿ, ಖಡಕ್ ರೊಟ್ಟಿಯ ಗಂಟಿನೊಡನೆ ವಿಮಾನವೇರುವ ಈ ತಾಯಂದಿರಲ್ಲಿ ಅನೇಕರು ಅದಕ್ಕೆ ಮೊದಲು ಸೊಲ್ಲಾಪುರವನ್ನು ದಾಟಿ ಒಬ್ಬರೇ ಹೋದವರಲ್ಲ. ನಾನೂ ಈ ಗುಂಪಿಗೆ ಸೇರಿದವಳು. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರೆನಿಸಿಕೊಂಡು ನಿವೃತ್ತಳಾದ ಬಳಿಕ, 2023ರಲ್ಲಿ ಮಗಳ ಬಾಣಂತನಕ್ಕಾಗಿ ಶಿಕಾಗೋ ನಗರಕ್ಕೆ ಒಬ್ಬಳೇ ಹೋಗಿ ಐದು ತಿಂಗಳಿದ್ದು ಬಂದೆ. ಮಠದ ಪ್ರಸಾದ ನಿಲಯದಲ್ಲಿ ಓದಿ ಬೆಳೆದ ನನ್ನ ತಮ್ಮನು, “ಕಂಡದ್ದನ್ನ ಬರದು ಪತ್ರಿಕೆಗೆ ಕಳಸು ಅಕ್ಕಾ, ನಾಕು ಮಂದಿಗೆ ಉಪಯೋಗ ಆದೀತು” ಎಂದದ್ದರಿಂದ ಈ ಬರಹವನ್ನು ಸದ್ಭಕ್ತರ ಮುಂದಿಡುತ್ತಿದ್ದೇನೆ.

ಪಯಣದ ಮಾತು ಹೊರಟೊಡನೆ ಮೈದುನರು ಕೇಳಿದ ಮೊದಲ ಪ್ರಶ್ನೆ, “ವೈನಿ, ನಿಮ್ಮ ಜೋಡಿ ಯಾರು ಬರ್ತಾರ?” ಎಂಬುದು. ಯಜಮಾನರು ಲಿಂಗೈಕ್ಯರಾಗಿ ಆರು ವರ್ಷಗಳಾಗಿದ್ದವು, ಮಗನಿಗೆ ರಜೆಯಿರಲಿಲ್ಲ. ಯಾರೂ ಇಲ್ಲವೆಂದೆ. “ದಾರಿಯಾಗ ಏನರ ಆದ್ರ ಯಾರು ದಿಕ್ಕು?” ಎಂದರು. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಅದು ಅಕ್ಕರೆಯಿಂದ ಬಂದದ್ದೇ. ಆದರೂ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದ ಅಕ್ಕಮಹಾದೇವಿಯನ್ನು ನಿತ್ಯವೂ ನೆನೆಯುವ ಮನೆಗಳಲ್ಲಿಯೇ ಈ ಪ್ರಶ್ನೆ ಇಷ್ಟು ಗಟ್ಟಿಯಾಗಿ ಏಳುವುದನ್ನು ಕಂಡು ನನಗೆ ಒಳಗೊಳಗೇ ನಗೆ ಬಂದಿತು. ಯುಗಾದಿಯ ಮುನ್ನ ನಮ್ಮ ಭಾಗದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರಲ್ಲಿ ಹೆಂಗಸರೂ ಇರುತ್ತಾರೆ. ಅವರನ್ನು ಜೋಡಿ ಯಾರೆಂದು ಯಾರೂ ಕೇಳುವುದಿಲ್ಲ. ಹಾದಿಯುದ್ದಕ್ಕೂ ದಾಸೋಹವಿದೆ, ನೀರಿದೆ, ಬೊಬ್ಬೆಯೆದ್ದ ಕಾಲಿಗೆ ಎಣ್ಣೆ ಹಚ್ಚುವ ಕೈಗಳಿವೆ. ಪರದೇಶದ ಹಾದಿಯಲ್ಲಿ ಅವಿಲ್ಲ ಎಂಬುದೇ ಮೈದುನರ ಅಂಜಿಕೆ.

ಆದರೆ ಕನ್ನಡ ನಾಡಿನ ಹೆಣ್ಣುಮಕ್ಕಳಿಗೆ ಈ ಹಾದಿ ಇಂದು ನಿನ್ನೆಯದಲ್ಲ. ಮುಂದೆ ರಾಜೇಶ್ವರಿ ಚಟರ್ಜಿ ಎಂದು ಹೆಸರಾದ ಮೈಸೂರು ಸೀಮೆಯ ತರುಣಿ, 1947ರಲ್ಲಿ ಸುಮಾರು ಒಂದು ತಿಂಗಳ ಕಾಲ ಹಡಗಿನಲ್ಲಿ ಪಯಣಿಸಿ ಅಮೆರಿಕೆಯ ಮಿಶಿಗನ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಡಾಕ್ಟರೇಟ್ ಪಡೆದು ಮರಳಿ 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಅಂದು ಕಾಗದ ಬರೆದರೆ ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಾಗಿತ್ತು. ನಮ್ಮ ಕೈಯಲ್ಲಿ ಇಂದು ಮೊಬೈಲ್ ಇದೆ. ಇಷ್ಟಿದ್ದೂ ನಮ್ಮ ಹೆಣ್ಣುಮಕ್ಕಳು ಹಾದಿಯಲ್ಲಿ ಏತಕ್ಕೆ ಸಿಕ್ಕಿಬೀಳುತ್ತಾರೆ ಎಂಬುದನ್ನು ಯೋಚಿಸಿದಾಗ ನನಗೆ ಹೊಳೆದ ಉತ್ತರವೊಂದೇ. ಅದು ಸಂಕೋಚ. ಬೇಡವೆನ್ನಲು ಸಂಕೋಚ, ಕೇಳಲು ಸಂಕೋಚ, ಮನೆಗೆ ನಿಜ ಹೇಳಲು ಸಂಕೋಚ. ಕಳ್ಳಕಾಕರ ಭಯವನ್ನು ನಾವು ಮಕ್ಕಳಿಗೆ ಬೇಕಾದಷ್ಟು ಕಲಿಸಿದ್ದೇವೆ. ಸಂಕೋಚವನ್ನು ಮಾತ್ರ ಸದ್ಗುಣವೆಂದು ಕಲಿಸಿದ್ದೇವೆ.

ಮೊದಲ ಪರೀಕ್ಷೆ ಹೊಸ್ತಿಲಲ್ಲಿಯೇ ಬಂದಿತು. ಹೊರಡುವ ವಾರ ಬಹುಕಾಲದ ಪರಿಚಿತರೊಬ್ಬರು ಬಾಯಿ ಹೊಲಿದ ಬಟ್ಟೆಯ ಗಂಟೊಂದನ್ನು ತಂದು, “ನಮ್ಮ ಹುಡುಗಗ ಇಷ್ಟ ಮುಟ್ಟಸ್ರಿ ಅಕ್ಕೋರ” ಎಂದರು. ನಾನು ಕತ್ತರಿ ತರಿಸಿ ಅವರೆದುರಿಗೇ ಹೊಲಿಗೆ ಬಿಚ್ಚಿದೆ. ಅವರ ಮುಖ ಕಪ್ಪಿಟ್ಟಿತು. “ನಮ್ಮ ಮ್ಯಾಲ ನಂಬಿಗಿ ಇಲ್ಲೇನ್ರಿ?” ಎಂದರು. ನಂಬಿಕೆಯ ಮಾತಲ್ಲವಿದು, ವಿಮಾನ ನಿಲ್ದಾಣದಲ್ಲಿ “ಚೀಲವನ್ನು ನೀವೇ ತುಂಬಿದಿರಾ, ಬೇರೆಯವರು ಏನಾದರೂ ಕೊಟ್ಟಿದ್ದಾರೆಯೇ” ಎಂದು ಕೇಳುತ್ತಾರೆ, ಚೀಲದೊಳಗೆ ಏನು ಸಿಕ್ಕರೂ ಹೊಣೆ ಹೊತ್ತವಳದೇ. ಗಂಟಿನಲ್ಲಿ ಶೇಂಗಾ ಹೋಳಿಗೆ, ಕುಪ್ಪಸದ ಖಣಗಳು, ಅರ್ಧ ಕಿಲೋ ಗಸಗಸೆ ಇದ್ದವು. ಹೋಳಿಗೆ, ಖಣಗಳನ್ನು ಇಟ್ಟುಕೊಂಡು ಗಸಗಸೆಯನ್ನು ಹಿಂದಿರುಗಿಸಿದೆ.

ಈ ಗಸಗಸೆಯ ಸಂಗತಿಯನ್ನು ತಾಯಂದಿರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮಲ್ಲಿ ಎಲ್ಲ ಕಿರಾಣಿ ಅಂಗಡಿಗಳಲ್ಲಿಯೂ ಸಿಗುವ ಈ ಪದಾರ್ಥವು ಅಫೀಮಿನ ಗಿಡದ ಬೀಜ. ಸಂಯುಕ್ತ ಅರಬ್ ಸಂಸ್ಥಾನಗಳು, ಸೌದಿ ಅರೇಬಿಯಾ, ಸಿಂಗಾಪುರಗಳಲ್ಲಿ ಅದು ನಿಷಿದ್ಧ ವಸ್ತು. ಅಮೆರಿಕೆಗೂ ಯುರೋಪಿಗೂ ಹೋಗುವ ವಿಮಾನಗಳಲ್ಲಿ ಬಹಳಷ್ಟು ಕೊಲ್ಲಿಯ ನಗರಗಳಲ್ಲಿ ಇಳಿದೇ ಮುಂದಕ್ಕೆ ಹೋಗುತ್ತವೆ. ಬಾಣಂತಿಯ ಪಾಯಸಕ್ಕೆಂದು ಒಯ್ದ ಒಂದು ಪೊಟ್ಟಣಕ್ಕಾಗಿ ಭಾಷೆ ತಿಳಿಯದ ಊರಿನ ಪೊಲೀಸರ ಮುಂದೆ ನಿಲ್ಲುವ ಗತಿ ಯಾವ ತಾಯಿಗೂ ಬರಬಾರದು. ನಿತ್ಯ ನುಂಗುವ ಮಾತ್ರೆಗಳನ್ನೂ ಡಬ್ಬಿಗೆ ಸುರಿದುಕೊಳ್ಳದೆ, ಕಂಪನಿಯ ಪಟ್ಟಿಯಲ್ಲಿಯೇ ಇಟ್ಟುಕೊಂಡು ಡಾಕ್ಟರರ ಇಂಗ್ಲಿಷ್ ಚೀಟಿಯೊಡನೆ ಕೈಚೀಲದಲ್ಲಿ ಒಯ್ಯಬೇಕು.

ಇನ್ನು ಇಷ್ಟಲಿಂಗದ ಮಾತು. ಬೆಳ್ಳಿಯ ಕರಡಿಗೆ ಧರಿಸಿದವರು ತಪಾಸಣೆಯ ಬಾಗಿಲು ದಾಟುವಾಗ ಯಂತ್ರ ಕೂಗುತ್ತದೆ; ಯಾರೋ ಕೈ ಹಾಕಿಯಾರೆಂಬ ಅಂಜಿಕೆಯಿಂದ ಕೆಲವರು ಅದನ್ನು ತೆಗೆದು ಚೀಲದಲ್ಲಿರಿಸುತ್ತಾರಂತೆ. ನಾನು ಹಾಗೆ ಮಾಡಲಿಲ್ಲ. ಮಗಳಿಂದ ಇಂಗ್ಲಿಷಿನಲ್ಲಿ ಎರಡು ಸಾಲು ಬರೆಸಿಟ್ಟುಕೊಂಡಿದ್ದೆ: ಇದು ನಾನು ಸದಾ ಧರಿಸುವ ಪೂಜ್ಯ ವಸ್ತು, ನೋಡಬೇಕಿದ್ದರೆ ನಾನೇ ತೆರೆದು ತೋರಿಸುತ್ತೇನೆ. ಬೆಂಗಳೂರಿನಲ್ಲಿ ಪರದೆಯ ಮರೆಯಲ್ಲಿ ತಪಾಸಣೆ ಮಾಡುವ ಮಹಿಳಾ ಸಿಬ್ಬಂದಿ ಚೀಟಿ ನೋಡಿ ಕೈಮುಗಿದರು. ಕೊಲ್ಲಿಯ ನಗರದಲ್ಲಿ ಕರಡಿಗೆಯನ್ನು ತೆರೆದು ತೋರಿಸಿದೆ. ಆ ಹೆಣ್ಣುಮಗಳು ಮುಟ್ಟದೆಯೇ ನೋಡಿ ತಲೆದೂಗಿದಳು. ಅಮೆರಿಕೆಯ ನಿಲ್ದಾಣಗಳಲ್ಲಿ ಮೈ ಮುಟ್ಟಿ ಪರೀಕ್ಷಿಸುವುದಾದರೆ ಹೆಂಗಸರನ್ನು ಹೆಂಗಸರೇ ಪರೀಕ್ಷಿಸಬೇಕೆಂಬ ನಿಯಮವಿದೆ. ಪ್ರತ್ಯೇಕ ಕೋಣೆ ಬೇಕೆಂದು ಕೇಳುವ ಹಕ್ಕೂ ಇದೆ. ಆದರೆ ಬಾಯಿ ಬಿಟ್ಟು ಕೇಳಬೇಕು.

ಬೆಂಗಳೂರಿನಿಂದ ಹೊರಟ ವಿಮಾನವೇ ತಡವಾದ್ದರಿಂದ ಕೊಲ್ಲಿಯಲ್ಲಿ ಮುಂದಿನ ವಿಮಾನ ತಪ್ಪಿತು. ರಾತ್ರಿ ಹನ್ನೊಂದು, ಮರುದಿನದವರೆಗೆ ಬೇರೆ ವಿಮಾನವಿಲ್ಲ. ದಿಕ್ಕು ತೋಚದೆ ನಿಂತ ನನ್ನ ಬಳಿಗೆ ಕನ್ನಡ ಬಲ್ಲ ಗೃಹಸ್ಥರೊಬ್ಬರು ಬಂದು, “ನಿಮ್ಮ ಪಾಸ್‌ಪೋರ್ಟು, ಟಿಕೇಟು ಕೊಡ್ರಿ ತಾಯಿ, ನಾ ಹೋಗಿ ಮಾತಾಡಿ ಬರ್ತೀನಿ” ಎಂದರು. ಅವರು ಸಜ್ಜನರೇ ಇರಬೇಕು. ನಾನೆಂದೆ: “ನಾನೂ ಬರ್ತೀನಿ ತಮ್ಮಾ, ಇಬ್ಬರೂ ಕೂಡೇ ಹೋಗೂಣು.” ಇಷ್ಟೇ ಮಾತು. ಅವರಿಗೆ ನೋವಾಗಲಿಲ್ಲ, ಪಾಸ್‌ಪೋರ್ಟ್ ನನ್ನ ಸೊಂಟದ ಚೀಲ ಬಿಟ್ಟು ಹೋಗಲಿಲ್ಲ. ಕೌಂಟರಿನಲ್ಲಿ ಊಟ, ವಸತಿ ಕೊಡುವಿರಾ ಎಂದು ನಾನೇ ಕೇಳಿಸಿದೆ; ಕೊಟ್ಟರು. ಹೈದರಾಬಾದಿನ ಇನ್ನೊಬ್ಬ ತಾಯಿಯೂ ಅದೇ ಸ್ಥಿತಿಯಲ್ಲಿದ್ದರು. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಟೆಲಿಗೆ ಹೋದೆವು. ಕೋಣೆಯ ಸಂಖ್ಯೆಯನ್ನು ಎಲ್ಲರೆದುರು ಕೂಗಿ ಹೇಳಬೇಡಿ, ಬರೆದು ಕೊಡಿ ಎಂದೆ. ಒಳಗಿನ ಚಿಲಕ ಹಾಕಿ ಮಗಳಿಗೆ ಎಲ್ಲವನ್ನೂ ತಿಳಿಸಿ ಮಲಗಿದೆ. ಮರುದಿನ ಗಾಲಿಕುರ್ಚಿಯ ನೆರವನ್ನೂ ಕೇಳಿ ಪಡೆದೆ. “ನಾ ನಡ್ಯಾಕ ಬರ್ತೈತಿ, ಕುರ್ಚಿ ಯಾಕ” ಎಂದು ನಾಚುವ ತಾಯಂದಿರಿದ್ದಾರೆ. ಅದು ಬರಿ ಕಾಲಿನ ನೆರವಲ್ಲ. ಒಂದು ದ್ವಾರದಿಂದ ಮತ್ತೊಂದಕ್ಕೆ ಕೈಹಿಡಿದು ಮುಟ್ಟಿಸುವ ನೆರವು. ಟಿಕೇಟು ಕೊಳ್ಳುವಾಗಲೇ ಹೇಳಿಟ್ಟರಾಯಿತು.

ವಿಮಾನದಲ್ಲಿ ಪದೇ ಪದೇ ಏಳಬೇಕಾದೀತೆಂದು ನೀರು ಕುಡಿಯದೆ ಹದಿನಾಲ್ಕು ಗಂಟೆ ಕದಲದೆ ಕೂಡುವವರನ್ನೂ ಕಂಡೆ. ಹೀಗೆ ಕೂತರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಕುತ್ತು ಬರಬಹುದು. ಪಕ್ಕದವನನ್ನು ಏಳಿಸಲು ಸಂಕೋಚವಾದರೆ ಹಾದಿಯ ಬದಿಯ ಕುರ್ಚಿಯನ್ನೇ ಮೊದಲು ಕೇಳಿಕೊಳ್ಳಬೇಕು.

ನನ್ನದು ಸುಖದ ಪಯಣ. ಹಾದಿಯ ಕೊನೆಗೆ ಮಗಳ ಮನೆಯಿತ್ತು. ಹೊಟ್ಟೆಪಾಡಿಗಾಗಿ ಹೋಗುವವರ ಕಥೆ ಬೇರೆ. ನನ್ನ ಕೈಯಲ್ಲಿ ಅಕ್ಷರ ಕಲಿತ ಹುಡುಗಿಯೊಬ್ಬಳು ಮನೆಗೆಲಸಕ್ಕೆಂದು ಕೊಲ್ಲಿಯ ದೇಶವೊಂದಕ್ಕೆ ಹೋದಳು. ದಲ್ಲಾಳಿಯು ಅವಳನ್ನು ಪ್ರವಾಸಿಗರ ವೀಸಾದ ಮೇಲೆ ಕಳಿಸಿದ್ದನು. ಹತ್ತನೆಯ ತರಗತಿ ಮುಗಿಸದವರ ಪಾಸ್‌ಪೋರ್ಟಿಗೆ 1983ರ ಎಮಿಗ್ರೇಷನ್ ಕಾಯಿದೆಯಂತೆ, ಕೊಲ್ಲಿಯ ದೇಶಗಳೂ ಸೇರಿದಂತೆ ಗೊತ್ತುಪಡಿಸಿದ ಕೆಲವು ದೇಶಗಳಿಗೆ ದುಡಿಯಲು ಹೋಗುವ ಮುನ್ನ ಸರ್ಕಾರದ ಅನುಮತಿ ಬೇಕಾಗುತ್ತದೆ. ಮೂವತ್ತು ತುಂಬದ ಹೆಂಗಸರಿಗೆ ಈ ಅನುಮತಿ ಕೊಡಬಾರದೆಂದೂ, 2016ರಿಂದ ಇಂಥ ಹೆಂಗಸರ ನೇಮಕಾತಿಯು ಸರ್ಕಾರಿ ಸಂಸ್ಥೆಗಳ ಮೂಲಕವೇ ನಡೆಯಬೇಕೆಂದೂ ನಿಯಮಗಳಾದವು. ಪ್ರವಾಸಿಗರ ವೀಸಾ ಎಂಬುದು ಈ ಬೇಲಿಯಲ್ಲಿ ದಲ್ಲಾಳಿಗಳು ಕೊರೆದ ಕಿಂಡಿ. ಆ ಕಿಂಡಿಯಲ್ಲಿ ನುಸುಳಿದವಳಿಗೆ ಕರಾರುಪತ್ರವಿಲ್ಲ, ಸಂಬಳದ ದಾಖಲೆಯಿಲ್ಲ.

ಹೋದ ದಿನವೇ ಆ ಮನೆಯವರು ಅವಳ ಪಾಸ್‌ಪೋರ್ಟನ್ನು ತೆಗೆದಿರಿಸಿಕೊಂಡರು. 1967ರ ಪಾಸ್‌ಪೋರ್ಟ್ ಕಾಯಿದೆಯ ಮೇರೆಗೆ ಆ ಪುಸ್ತಕವು ಭಾರತ ಸರ್ಕಾರದ ಸ್ವತ್ತು. ಕೆಲಸ ಕೊಟ್ಟವರು ಒತ್ತೆಯಿಟ್ಟುಕೊಳ್ಳಲು ಅದು ಬಂಗಾರದ ಬಳೆಯಲ್ಲ. ಇದು ಅವಳಿಗೆ ತಿಳಿದಿರಲಿಲ್ಲ. ಮೂರು ತಿಂಗಳು ಸಂಬಳ ಬರಲಿಲ್ಲ. ಆದರೂ ವಾರಕ್ಕೊಮ್ಮೆ ಫೋನು ಬಂದಾಗಲೆಲ್ಲ “ಆರಾಮ ಅದೀನಿ” ಎಂದೇ ಹೇಳುತ್ತಿದ್ದಳು. ಏಕೆಂದರೆ ದಲ್ಲಾಳಿಗೆ ಕೊಡಲೆಂದು ತಂದೆಯು ಎರಡೆಕರೆ ಹೊಲ ಒತ್ತೆಯಿಟ್ಟಿದ್ದನು. ಫೋನು ಹಿಡಿದಾಗಲೆಲ್ಲ ಅವನ ಮೊದಲ ಮಾತು “ರೊಕ್ಕ ಯಾವಾಗ ಕಳಸ್ತಿ” ಎಂಬುದು. ಕಡೆಗೆ ಒಂದು ದಿನ ತಾಯಿ ಫೋನು ಕಸಿದುಕೊಂಡು, “ಹೊಲ ಹ್ವಾದ್ರ ಹೋಗ್ಲಿ ಯವ್ವಾ, ಖರೇ ಹೇಳು, ಹ್ಯಾಂಗಿದ್ದಿ?” ಎಂದಳಂತೆ. ಆಗ ಅತ್ತಳು. ಆ ಮಾತಿನ ಬಲದ ಮೇಲೆಯೇ ಹದಿನೈದು ದಿನಗಳಲ್ಲಿ ಭಾರತದ ರಾಯಭಾರ ಕಚೇರಿಯನ್ನು ಮುಟ್ಟಿದಳು. ಪಾಸ್‌ಪೋರ್ಟ್ ಇಲ್ಲದವರಿಗೆ ಸ್ವದೇಶಕ್ಕೆ ಮರಳಲಷ್ಟೇ ಸಲ್ಲುವ ತುರ್ತು ಪ್ರಮಾಣಪತ್ರವನ್ನು ರಾಯಭಾರ ಕಚೇರಿಗಳು ಕೊಡುತ್ತವೆ. ದಿಕ್ಕಿಲ್ಲದವರ ವಸತಿಗೂ ಟಿಕೇಟಿಗೂ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿದೆ. ಅವಳು ಬಂದಳು. ಹೊಲ ಇನ್ನೂ ಬಿಡಿಸಿಕೊಂಡಿಲ್ಲ.

ಕಾಯಿದೆ, ನಿಧಿ, ಕಚೇರಿ ಎಲ್ಲವೂ ಮೊದಲೇ ಇದ್ದವು. ಅವು ಕೆಲಸಕ್ಕೆ ಬಂದದ್ದು ತಾಯಿಯ ಆ ಒಂದು ಪ್ರಶ್ನೆಯ ಅನಂತರ. ಓದಲು ಹೋದ ಮಕ್ಕಳ ವಿಷಯದಲ್ಲಿಯೂ ಇದೇ ಆಗುತ್ತದೆ. ಯಾರೋ ಹಿಂಬಾಲಿಸಿದರು, ಬಾಡಿಗೆ ಮನೆಯ ಮಾಲೀಕನ ನಡತೆ ಸರಿಯಿಲ್ಲ ಎಂದು ಮಗಳು ಹೇಳಿದ ಕ್ಷಣವೇ, “ನಾವು ಮೊದಲೇ ಹೇಳಿದ್ದಿಲ್ಲೇನು? ಓದು ಸಾಕು, ಬಾ” ಎಂದು ಗದರುವ ಮನೆಗೆ ಎರಡನೆಯ ಸಲ ಅವಳು ಏನನ್ನೂ ಹೇಳಳು. ಅವಳು ಹೇಳಲಿಲ್ಲವೆಂದರೆ ಅಪಾಯವಿಲ್ಲವೆಂದಲ್ಲ, ನಮಗೆ ಸುದ್ದಿಯಿಲ್ಲವೆಂದಷ್ಟೇ ಅರ್ಥ. ಗಂಡುಮಕ್ಕಳ ಪಾಕೀಟು ಕಳುವಾದರೆ ಯಾರೂ ಅವರನ್ನು ಊರಿಗೆ ಬಾ ಎನ್ನುವುದಿಲ್ಲ.

ಎಲ್ಲ ಅಪಾಯವೂ ಸಂಕೋಚದಿಂದಲೇ ಬರುತ್ತದೆಂದು ನಾನು ಹೇಳಲಾರೆ. 2015ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಿಂದ ಉದ್ಯೋಗದ ಮೇಲೆ ಹೋಗಿದ್ದ ಕನ್ನಡ ನಾಡಿನ ಹೆಣ್ಣುಮಗಳೊಬ್ಬಳು, ಆಸ್ಟ್ರೇಲಿಯಾದ ಸಿಡ್ನಿ ನಗರದ ಪರಮಟ್ಟಾ ಉದ್ಯಾನದ ಹಾದಿಯಲ್ಲಿ ರಾತ್ರಿ ಮನೆಗೆ ನಡೆದು ಹೋಗುತ್ತಿದ್ದಾಗ ಇರಿತಕ್ಕೆ ಸಿಕ್ಕು ಪ್ರಾಣ ಬಿಟ್ಟಳು. ಆಗ ಅವಳು ಊರಿನಲ್ಲಿದ್ದ ಪತಿಯೊಡನೆ ಫೋನಿನಲ್ಲಿ ಮಾತನಾಡುತ್ತಿದ್ದಳು. ಅವಳದು ಏನೂ ತಪ್ಪಿರಲಿಲ್ಲ. ಇಂಥ ಕ್ರೌರ್ಯಕ್ಕೆ ನನ್ನಲ್ಲಿ ಉತ್ತರವಿಲ್ಲ; ಅದನ್ನು ನೆನೆದಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ಆದರೆ ಆ ಸುದ್ದಿ ಬಂದ ವಾರ ನಮ್ಮ ಬೀದಿಯಲ್ಲಿ, “ರಾತ್ರಿ ಯಾಕ ಹೊರಗ ಹೋಗಿದ್ಲು” ಎಂದವರೂ ಇದ್ದರು. ದುಡಿದು ಮನೆಗೆ ಮರಳುತ್ತಿದ್ದವಳನ್ನು ಕುರಿತು ಕೇಳುವ ಮಾತೇ ಅದು?

ಕಳೆದ ತಿಂಗಳು ಟಿಕೋಟಾದ ತಾಯಿಯೊಬ್ಬರು ಸೊಸೆಯ ಬಾಣಂತನಕ್ಕೆ ಇಂಗ್ಲೆಂಡಿಗೆ ಹೊರಟು, ನನ್ನ ಬಳಿ ಬಂದು ಒಂದು ಚೀಟಿ ಬರೆಸಿಕೊಂಡು ಹೋದರು. ಮಗನ ಮನೆಯ ವಿಳಾಸ, ಇಬ್ಬರ ಫೋನು ಸಂಖ್ಯೆ, ನುಂಗುವ ಮಾತ್ರೆಗಳ ಹೆಸರು, ಪ್ರಯಾಣ ವಿಮೆಯ ಸಂಖ್ಯೆ, ಲಂಡನ್ನಿನ ಭಾರತೀಯ ಹೈಕಮಿಷನ್ನಿನ ದೂರವಾಣಿ, ತುರ್ತಿಗೆ ಕರೆಯಬೇಕಾದ 999. ಇವನ್ನು ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಬರೆದುಕೊಟ್ಟೆ. ಒಂದು ಪ್ರತಿಯನ್ನು ಪಾಸ್‌ಪೋರ್ಟಿನೊಡನೆ, ಮತ್ತೊಂದನ್ನು ದೊಡ್ಡ ಚೀಲದಲ್ಲಿ, ಮೂರನೆಯದನ್ನು ಮನೆಯಲ್ಲಿ ಇಡಲು ತಿಳಿಸಿದೆ. ಎದ್ದು ಹೊರಟವರು ಬಾಗಿಲಲ್ಲಿ ನಿಂತು, ಪಕ್ಕದ ಮನೆಯವರು ಮಗಳಿಗೆಂದು ಡಬ್ಬಿಯೊಂದನ್ನು ಕೊಟ್ಟಿದ್ದಾರೆ, ಏನು ಮಾಡಲಿ ಎಂದು ಕೇಳಿದರು. “ಅವರ ಮುಂದನ ತಗೀರಿ” ಎಂದೆ. “ಬ್ಯಾಸರ ಮಾಡ್ಕೊಂಡಾರಲ್ರಿ?” ಎಂದರು. “ಮಾಡ್ಕೊಳ್ಳಿ ಬಿಡ್ರಿ, ನೀವು ಬರೂದರೊಳಗ ಮರ್ತಿರ್ತಾರ” ಎಂದೆ.